ಎರಡು ವಿಷಯಕ್ಕೆ ಒಂದು ಸೀಲು

"ಏನಮ್ಮ, ಒಂದ್ ಸೀಲ್ ಒತ್ತೋಕೆ ಮುಹೂರ್ತ ನೋಡ್ಬೇಕಾ? ಹನ್ನೊಂದು ಜನ ಒತ್ತಾಯ್ತು, ನಿಂದೊಂದೇ ಪೆಂಡಿಂಗ್. ಮುಂಡೇವಾ, ಬಿಸಿನೀರು ಕೊಡ್ಸೋಕೂ ನಾನೇ ನಿಮ್ ಕಾಲಿಗೆ ಬೀಳ್ಬೇಕಾ?"

ಅನೂಪ್ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದ. ಜಪಾನಿನ ನಗೋಯಾದ ಹೊರವಲಯದಲ್ಲಿ ಊಟದ ಡಬ್ಬಿ ತುಂಬುವ ಕಾರ್ಖಾನೆಗೆ ಮಂಡ್ಯ ಕಡೆಯ ಹೆಂಗಸರನ್ನು ತಂದು ಹಾಕಿದ್ದ ಏಜೆನ್ಸಿಯವನು ಅವನು, ಬೆಂಗಳೂರಿನವನು. ಜಪಾನಿ ಮ್ಯಾನೇಜರನ ಮುಂದೆ ಸೊಂಟ ಬಗ್ಗಿಸಿ ಸುಮಿಮಾಸೆನ್, ತಪ್ಪಾಯ್ತು ಎನ್ನುವ ಅದೇ ಬಾಯಿ ಹಾಸ್ಟೆಲ್ಲಿಗೆ ಬಂದರೆ ಬಚ್ಚಲಾಗುತ್ತಿತ್ತು.

ಕಾಮಾಕ್ಷಿ ಬ್ಯಾಂಡೇಜು ಸುತ್ತಿದ ಬಲಗೈ ತೋರಿಸಿದಳು. ಅನ್ನ ಬೇಯಿಸುವ ಬಾಯ್ಲರಿನ ಆವಿ ಹೊಡೆದು ಎಂಟು ದಿನವಾಗಿತ್ತು; ಅಂದಿನಿಂದ ಕೆಲಸಕ್ಕೆ ಹೋಗಿರಲಿಲ್ಲ.

"ಕೈ ಆಡಕ್ಕಿಲ್ಲ ಸಾ. ಯಾಮಿನಕ್ಕಾ, ನೀನೇ ಒತ್ಬುಡು. ಬಿಸಿನೀರು ಬಂದ್ರೆ ಸಾಕು." ಸಹಿಯ ಬದಲು ಒತ್ತುವ ತನ್ನ ಹೆಸರಿನ ಪುಟ್ಟ ಸೀಲನ್ನು ಎಡಗೈಯಲ್ಲಿ ಚಾಚಿದಳು.

ಭೂಮಿ ಬಾಯಿಬಿಡಬಾರದೇ ಎನಿಸಿತು ಯಾಮಿನಿಗೆ. ಹನ್ನೆರಡು ಜನರಲ್ಲಿ ಜಪಾನಿ ಅಕ್ಷರ ಅಷ್ಟಿಷ್ಟು ಓದಲು ಬರುತ್ತಿದ್ದುದು ಅವಳಿಗೊಬ್ಬಳಿಗೇ. ಆ ಹಾಳೆಯಲ್ಲಿದ್ದ ಹಾಸ್ಟೆಲಿನ ಹೊಸ ಕಾನೂನಿನಲ್ಲಿ ಎರಡು ವಿಷಯಗಳಿದ್ದವು. ಒಂದು, ಬಚ್ಚಲಿಗೆ ಬಿಸಿನೀರು. ಇನ್ನೊಂದು, ಹತ್ತು ದಿನ ಕೆಲಸಕ್ಕೆ ಬಾರದವರು ರೂಮು ಬಿಟ್ಟು ಊರಿಗೆ ಹೊರಡಬೇಕು. ನಿನ್ನೆ ಅವಳು ಎರಡನ್ನೂ ಓದಿದ್ದಳು. ಎರಡು ಚಳಿಗಾಲ ತಣ್ಣೀರಲ್ಲಿ ಮಿಂದು ಸಾಕಾಗಿತ್ತು. ಉಳಿದವರಿಗೆ ಮೊದಲನೆಯದನ್ನಷ್ಟೇ ಹೇಳಿ, ಎಲ್ಲರಿಗಿಂತ ಮೊದಲು ತಾನೇ ಸೀಲು ಒತ್ತಿದ್ದಳು. ಇಂಥವಳು ಊರಲ್ಲಿ ಐದು ವರ್ಷ ಪಂಚಾಯಿತಿ ಮೆಂಬರು ಬೇರೆ!

"ಇದ್ರಲ್ಲಿ ಇನ್ನೊಂದ್ ಅದೆ ಕಣೆ," ಎಂದಳು. "ಇನ್ನೆರಡು ದಿನ ಕಳೆದ್ರೆ ನಿನ್ನ ಊರ್ಗೆ ಅಟ್ಬುಡ್ತರೆ. ನಂಗೊತ್ತಿತ್ತು. ಗೊತ್ತಿದ್ದೇ ಒತ್ತಿವ್ನಿ."

ಕಾಮಾಕ್ಷಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ.

ಯಾಮಿನಿ ಅನೂಪನ ಕಡೆ ತಿರುಗಿದಳು. "ನಮ್ ಪಂಚಾಯ್ತೀಲಿ ಬೋರ್‌ವೆಲ್‌ಗೊಂದು ಠರಾವು, ಚರಂಡಿಗೊಂದು ಠರಾವು. ಎಲ್ಡುನೂ ಒಂದ್ರಲ್ಲೇ ತೂರ್ಸುದ್ರೆ ಅಧ್ಯಕ್ಷನ ಜುಟ್ಟು ಹಿಡೀತಿದ್ವಿ. ಬ್ಯಾರೆಬ್ಯಾರೆ ಹಾಳೆ ತಗಂಬಾ."

"ಪಾರ್ಲಿಮೆಂಟಲ್ಲೇ ಒಂದ್ ಬಿಲ್ಲಲ್ಲಿ ಹತ್ತು ಮ್ಯಾಟರ್ ಹಾಕಿ ಪಾಸ್ ಮಾಡ್ತಾರೆ, ನೀನ್ಯಾವ ದೊಡ್ ಲಾಯರು? ಇದು ಪ್ಯಾಕೇಜ್. ಬೇಕಾದ್ರೆ ಎರಡೂ, ಇಲ್ಲಾಂದ್ರೆ ಎರಡೂ ಇಲ್ಲ."

ಅವಳು ಹಾಳೆಯನ್ನು ಕಿತ್ತುಕೊಂಡು, ಎರಡು ವಿಷಯಗಳ ನಡುವೆ ಮಡಿಚಿ, ಸರಕ್ಕನೆ ಹರಿದಳು.

ಅನೂಪ್ ನಕ್ಕುಬಿಟ್ಟ. "ಭೇಷ್! ಸೀಲೆಲ್ಲ ಎಲ್ಲಿವೆ ನೋಡೇ ಪೆದ್ದಿ."

ಬಿಸಿನೀರಿನ ತುಂಡಿನಲ್ಲಿ ಒಂದೂ ಸೀಲಿರಲಿಲ್ಲ. ಹನ್ನೊಂದು ಕೆಂಪು ಸೀಲುಗಳೂ ಕೆಳಗಿನ ತುಂಡಿನಲ್ಲಿದ್ದವು, ಕಾಮಾಕ್ಷಿಯನ್ನು ಅಟ್ಟುವ ಸಾಲಿನ ಕೆಳಗೆ.

"ಬಿಸಿನೀರು ನೀನೇ ಹರಿದ್ ಹಾಕ್ದೆ. ಇವಳ ಸೀಲಿಲ್ದಿದ್ರೂ ಮೆಜಾರಿಟಿ ಇದೆ, ಅಷ್ಟ್ ಸಾಕು. ಕೊಡಿಲ್ಲಿ."

ಯಾಮಿನಿ ತನ್ನ ಸೀಲಿದ್ದ ಮೂಲೆಯನ್ನು ಹರಿದು ಬಾಯಿಗೆ ಹಾಕಿಕೊಂಡು ಅಗಿದಳು. ಶಾಯಿ ಕಹಿಯಾಗಿತ್ತು. ನುಂಗಿದಳು.

"ತಗಾ ಬೇವರ್ಸಿ, ಹೊಟ್ಟೆ ಬಗ್ದು ತಗಾ."

ಇನ್ನೂ ಹತ್ತು ಉಳಿದಿದ್ದವು. ಗೋಡೆಗೆ ಒರಗಿ ನಿಂತಿದ್ದ ಹೆಂಗಸರ ಮುಂದೆ ಆ ತುಂಡನ್ನು ಹಿಡಿದಳು. "ನಿಮ್ನಿಮ್ದ ನೀವೇ ಕಿತ್ಕಳ್ರವ್ವ."

ಒಬ್ಬಳು ಕಿಟಕಿಯಾಚೆ ನೋಡಿದಳು. ಅವಳ ಪಕ್ಕದಲ್ಲಿದ್ದ ಸಂಜನಾ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು, ಮತ್ತೆ ಮತ್ತೆ ಸರಿಮಾಡಿಕೊಂಡಳು. ಕಾಮಾಕ್ಷಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಯಾರೂ ಕೈ ಮುಂದೆ ಮಾಡಲಿಲ್ಲ.