ಪೋಲ್ಯಾ ದಾಟದ ಇಳಿಜಾರು

ನನ್ನ ಅಣ್ಣ ಸಾವೆಲ್‌ನ ಮಗಳು ಪೋಲ್ಯಾಳ ಮದುವೆ ಬೆಟ್ಟದ ಮೇಲಿನ ಮರದ ಬಿಡಾರದಲ್ಲಿ ನಡೆಯಬೇಕಿತ್ತು. ರಷ್ಯಾದಿಂದ ಕೆನಡಾಕ್ಕೆ ಬಂದು ನೆಲೆಸಿದ ಸ್ಲೊಕನ್ ಕಣಿವೆಯವರಾದ ನಮಗೆ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವುದೇನೂ ಹೊಸದಲ್ಲ. ಆದರೂ ಇನ್ನೂ ಹಿಮ ಬೀಳುವ ಮಾರ್ಚ್‌ನಲ್ಲಿ, ಅದೂ ಮದುವೆಗೆ! ಅಣ್ಣ ವಾರವಿಡೀ ಗೊಣಗಿ, ಕೊನೆಗೆ ತನ್ನ ಹಳೆಯ ಸ್ಕೀಗಳಿಗೆ ತಾನೇ ಮೇಣ ತಿಕ್ಕಿದ.

ಮದುಮಗ ಗ್ರೇಡಿ ತನ್ನ ಕಡೆಯವರನ್ನೂ ಮದುವೆ ಮಾಡಿಸುವ ಮಿಸೆಸ್ ಹಾರ್ಲೋ ಅವರನ್ನೂ ಕರೆದುಕೊಂಡು ಹಿಂದಿನ ದಿನವೇ ಬಿಡಾರ ಸೇರಿದ್ದ. ಆಮೇಲೆ ರಾತ್ರಿಯಿಡೀ ಜೋರು ಗಾಳಿ ಬೀಸಿತು. ಬೆಳಿಗ್ಗೆ ಅಣ್ಣ, ಪೋಲ್ಯಾ, ನಾನು ಮೂವರು ಹೊರಟಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಹಿಮದಡಿ ಸಿಕ್ಕವರನ್ನು ಹುಡುಕಲು ಎದೆಗೆ ಕಟ್ಟುವ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಪೋಲ್ಯಾ ಒಬ್ಬೊಬ್ಬರದನ್ನೂ ಪರೀಕ್ಷಿಸಿದಳು.

"ಸಲಿಕೆ ಎಲ್ಲಪ್ಪಾ?"

"ಚೀಲದಲ್ಲಿದೆ ಕಣೆ. ಬೋರ್ಷ್ ಸಾರಿನ ಡಬ್ಬಿ ಕೆಳಗೆ."

"ಮೇಲಕ್ಕೆ ಇಟ್ಕೊ. ಹೂತೋದೋರನ್ನ ಸಾರು ಹುಯ್ದು ಎಬ್ಬಿಸೋಕಾಗಲ್ಲ."

ಅವಳು ಇನ್ನೂ ಒಂದು ಮಾತು ಹೇಳಿದಳು: ದಾರಿಯಲ್ಲಿ ಮೂವರಲ್ಲಿ ಯಾರೊಬ್ಬರು ಬೇಡ ಎಂದರೂ ಮೂವರೂ ಹಿಂದಿರುಗುವುದು, ಯಾಕೆ ಎಂದು ಕೇಳುವಂತಿಲ್ಲ. "ಮದ್ವೆಗೂ ಇದೇ ಕಾನೂನಾ?" ಎಂದ ಅಣ್ಣ.

ದಟ್ಟ ಕಾಡಿನೊಳಗೆ ಹತ್ತಿದೆವು. ಮಧ್ಯಾಹ್ನದ ಹೊತ್ತಿಗೆ ಮರಗಳು ಮುಗಿದವು. ಮುಂದೆ ಒಂದೇ ಒಂದು ಬೋಳು ಇಳಿಜಾರು, ಅದರಾಚೆ ಬಿಡಾರ. ಹೊಗೆ ಕಾಣುತ್ತಿತ್ತು. ಹೊರಗೆ ನಿಂತು ಕೈ ಬೀಸುತ್ತಿದ್ದ ಗ್ರೇಡಿಯೂ ಕಾಣುತ್ತಿದ್ದ. ಗಾಳಿ ಮಾತ್ರ ನೆತ್ತಿಯ ಹಿಮವನ್ನೆಲ್ಲ ಹೊತ್ತು ತಂದು ಆ ಇಳಿಜಾರಿನ ಮೇಲೆ ದಿಂಬು ಪೇರಿಸಿದಂತೆ ಪೇರಿಸಿತ್ತು.

ಮರಗಳ ಅಂಚಿನ ಸಮತಟ್ಟಿಗೆ ಕಾಲಿಟ್ಟೆವಷ್ಟೆ, ನಮ್ಮಡಿಯ ಹಿಮ 'ಧುಮ್' ಎಂದು ಕುಸಿದು ಕೂತಿತು. ಹೊಟ್ಟೆಯೊಳಗೆ ಕೇಳಿಸುವಂಥ ಸದ್ದು. ಪೋಲ್ಯಾ ನಮ್ಮನ್ನು ಮರಗಳ ನಡುವೆ ಹಿಂದಕ್ಕೆ ಕರೆದು, ಅದೇ ದಿಕ್ಕಿಗೆ ಮುಖ ಮಾಡಿದ್ದ ಪುಟ್ಟ ದಿಬ್ಬದಲ್ಲಿ ಗುಂಡಿ ತೋಡಿದಳು. ಒಂದು ಕಂಬದಷ್ಟು ಹಿಮ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ಬೆರಳುಗಳಿಂದ ಮೆತ್ತಗೆ ತಟ್ಟಿದಳು. ಮೇಲಿನ ಭಾಗ ಮೇಜಿನ ಖಾನೆಯಂತೆ ಜಾರಿ ಹೊರಬಂತು. ಅದರಡಿ ಸಕ್ಕರೆಯಂಥ ಸಡಿಲ ಹರಳುಗಳು; ಕಾಲಿಟ್ಟರೆ ಆ ಇಳಿಜಾರಿನ ಹಿಮವೆಲ್ಲ ಹೀಗೇ ಜಾರಿ ನಮ್ಮನ್ನು ಹೂತುಹಾಕಬಹುದಿತ್ತು.

"ದಾಟೋದು ಬೇಡ," ಎಂದಳು.

"ಯಾಕೆ ಅಂತ ಕೇಳ್ಬಾರದು ಗೊತ್ತು. ಆದ್ರೂ ಕೇಳ್ತೀನಿ. ನೀನು ಹುಟ್ಟೋ ಮುಂಚಿಂದ ಇದನ್ನ ದಾಟಿದೀನಿ ನಾನು! ಒಬ್ಬೊಬ್ಬರಾಗಿ ಹೋದ್ರಾಯ್ತು."

"ಒಬ್ಬೊಬ್ಬರಾಗಿ ಹೋದ್ರೆ ಮೂರು ಜನದ ಬದಲು ಒಬ್ಬರು ಸಾಯ್ಬೋದು. ಅಷ್ಟೇ ಲಾಭ. ಮೊದಲು ಯಾರನ್ನ ಕಳಿಸ್ಲಿ, ಹೇಳಪ್ಪಾ?"

ಅಣ್ಣ ನನ್ನ ಕಡೆ ತಿರುಗಿದ. "ಫೆನ್ಯಾ, ನೀನಾದ್ರೂ ಬುದ್ಧಿ ಹೇಳೇ."

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗಲೇ ಆಚೆ ಬಿಡಾರ ಸೇರಿಬಿಟ್ಟಿತ್ತು. ಒಲೆ, ಒಣ ಕಾಲುಚೀಲ, ಬಿಸಿ ಚಹಾ. "ಇಷ್ಟು ಹತ್ತಿರ ಕಾಣ್ತಿದ್ಯಲ್ಲ ಅಣ್ಣ, ಅದಕ್ಕೇ ನಂಗೆ ಭಯ," ಎಂದೆ.

ಪೋಲ್ಯಾ ವಾಕಿಟಾಕಿ ತೆಗೆದು ವಿಷಯ ಹೇಳಿದಳು.

"ಬರಬೇಡ," ಎಂದ ಗ್ರೇಡಿ. "ಆಚೆ ಬದಿಯ ಕಾಡಿನ ದಾರೀಲಿ ನಾವೇ ಇಳೀತೀವಿ. ಅಲ್ಲಿ ಇಂಥ ಬೋಳು ಇಳಿಜಾರಿಲ್ಲ. ಕೆಳಗಿನ ಸರೋವರ ಸುತ್ತಿ ನಿಮ್ಮನೆಗೆ ಬರೋಕೆ ಒಂದೆರಡು ದಿನ ಹಿಡಿಯುತ್ತೆ. ಅಷ್ಟರಲ್ಲಿ ಮನಸ್ಸು ಬದಲಾಯಿಸ್ಬೇಡ."

"ಕೇಕ್ ಮುಟ್ಟಬೇಡಿ."

"ಮಿಸೆಸ್ ಹಾರ್ಲೋ ಆಗಲೇ ಮುಟ್ಟಿದಾರೆ."

ಪೋಲ್ಯಾ ನಕ್ಕಳು. ವಾಕಿಟಾಕಿ ಆರಿಸಿದ ಮೇಲೆ ಅತ್ತಳು. ನಾನು ಸ್ಕೀಯ ಪಟ್ಟಿ ಬಿಗಿಮಾಡುವವಳಂತೆ ಬಗ್ಗಿದೆ. ಬಂದ ಹೆಜ್ಜೆಯಲ್ಲೇ, ಮರಗಳ ಮರೆಯಲ್ಲೇ ಇಳಿದೆವು. ಅರ್ಧ ದಾರಿಯಲ್ಲಿ ಬೋರ್ಷ್ ಡಬ್ಬಿ ಬಿಚ್ಚಿ, ಮೊದಲ ಲೋಟ ಮಗಳ ಕೈಗೆ ಕೊಟ್ಟಾಗಲೂ ಅಣ್ಣನ ಮುಖ ಗಂಟಿಕ್ಕಿಕೊಂಡೇ ಇತ್ತು.

ಮೂರನೆಯ ದಿನ ನಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲಿ ಮದುವೆಯಾಯಿತು. ಮೇಜಿನ ಮೇಲೆ ನಮ್ಮ ಪದ್ಧತಿಯಂತೆ ರೊಟ್ಟಿ, ಉಪ್ಪು, ನೀರು. ಪಕ್ಕದಲ್ಲಿ ಒಂದು ಮೂಲೆ ಇಲ್ಲದ ಕೇಕ್. ಅಣ್ಣ ಆ ಬೆಳಿಗ್ಗೆ ದೂರದ ರಸ್ತೆಯಂಚಿಗೆ ಹೋಗಿ ದುರ್ಬೀನಿನಲ್ಲಿ ಬೆಟ್ಟ ನೋಡಿ ಬಂದಿದ್ದ. ಎಲ್ಲರೆದುರು ಎದ್ದು ನಿಂತ.

"ಆ ಇಳಿಜಾರು ಇನ್ನೂ ಹಾಗೇ ಇದೆ ಕಣ್ರಪ್ಪಾ! ಒಂದು ಹಿಡಿ ಹಿಮ ಜಾರಿಲ್ಲ."

ಎಲ್ಲರೂ ಗೊಳ್ಳೆಂದರು. ಪೋಲ್ಯಾಳ ಮುಖದಲ್ಲಿ ಬೇಸರವಿರಲಿಲ್ಲ. "ಜಾರದೇ ಇರ್ಬೋದು ಅಂತ ಅವತ್ತೂ ಗೊತ್ತಿತ್ತಪ್ಪಾ. ನಾಳೆ ಕೇಳಿದ್ರೂ ಬೇಡ ಅಂತಾನೇ ಅಂತೀನಿ."

ಆ ಹಿಮ ಕೊನೆಯವರೆಗೂ ಕುಸಿಯಲಿಲ್ಲ. ಏಪ್ರಿಲ್ ಬಿಸಿಲಿಗೆ ಸದ್ದಿಲ್ಲದೆ ಕರಗಿ ಹೊಳೆ ಸೇರಿತು. ಅಣ್ಣ ಈಗಲೂ ಆ ಮಾತು ತೆಗೆಯುತ್ತಾನೆ, ಅವಳು ಈಗಲೂ ಅದೇ ಉತ್ತರ ಕೊಡುತ್ತಾಳೆ.

ಮದುವೆಯ ಸಂಜೆ ಊಟದ ನಂತರ ನಾವೆಲ್ಲ ನಿಂತು ನಮ್ಮ ಹಿರಿಯರ ರಷ್ಯನ್ ಕೀರ್ತನೆಗಳನ್ನು ಹಾಡಿದೆವು. ಗ್ರೇಡಿಗೆ ಆ ಭಾಷೆ ಬಾರದು. ಬಾಯಿ ಆಡಿಸುತ್ತ ಕಕ್ಕಾಬಿಕ್ಕಿಯಾಗಿದ್ದ. ಅಣ್ಣ ಹೋಗಿ ಅವನ ಪಕ್ಕ ನಿಂತು, ಪ್ರತಿ ಸಾಲನ್ನೂ ಒಂದು ಉಸಿರು ಮುಂಚೆ ಅವನ ಕಿವಿಯಲ್ಲಿ ಹೇಳಿಕೊಡತೊಡಗಿದ.