ನೋಯಲೀನ್ ಮನೆಯ ಈಜುಕೊಳದ ಗೇಟು

ಈಜುಕೊಳವಿರುವ ಮನೆ ಮಾರಬೇಕೆಂದರೆ ಮೊದಲು ಸುರಕ್ಷತಾ ಪ್ರಮಾಣಪತ್ರ ಬೇಕು. ಬೇಲಿಯ ಹತ್ತಿರ ಮಕ್ಕಳು ಹತ್ತಬಹುದಾದ ಕುರ್ಚಿ, ಕುಂಡ ಯಾವುದೂ ಇರಕೂಡದು. ಗೇಟು ಕೈ ಬಿಟ್ಟೊಡನೆ ತಾನೇ ಮುಚ್ಚಿಕೊಂಡು ಚಿಲಕ ಹಾಕಿಕೊಳ್ಳಬೇಕು. ಮನೆ ಮಾರಲು ಹೊರಟಿದ್ದ ಲೈಲ್ ಕುಂಡಗಳನ್ನೆಲ್ಲ ಎತ್ತಿಟ್ಟ. ಗೇಟು ಮಾತ್ರ ಮಾತು ಕೇಳಲಿಲ್ಲ. ಅದರ ಸ್ಪ್ರಿಂಗ್ ಕೀಲು ಸವೆದುಹೋಗಿ, ಮುಚ್ಚಲು ಇನ್ನೂ ಒಂದು ಗೇಣು ಇರುವಾಗಲೇ ನಿಂತುಬಿಡುತ್ತಿತ್ತು. ಅವನೂರು ಇಪ್ಸ್‌ವಿಚ್‌ನ ಅಂಗಡಿಗಳಲ್ಲಿ ಆ ಕೀಲು ಸಿಗಲಿಲ್ಲ. ಪರಿಶೀಲಕ ಬರುವುದು ಮಾರನೆಯ ಬೆಳಿಗ್ಗೆ.

ಪಕ್ಕದ ಮನೆಯ ನೋಯಲೀನ್ ತಂಗಿಯ ಊರಿಗೆ ಹೋಗಿದ್ದಳು, ಭಾನುವಾರ ಬರುವವಳು. ಅವಳ ಈಜುಕೊಳದ ಗೇಟಿನದೂ ಅದೇ ಬಗೆಯ ಕೀಲು. ಏಣಿ, ಹುಲ್ಲು ಕತ್ತರಿಸುವ ಯಂತ್ರ ಎಲ್ಲ ಆ ಎರಡು ಮನೆಗಳ ನಡುವೆ ಕೇಳದೆಯೇ ಓಡಾಡುತ್ತಿದ್ದವು; ಇನ್ನು ಕೀಲೇನು ಮಹಾ! ಲೈಲ್ ಅವಳದನ್ನು ಬಿಚ್ಚಿ ತನ್ನ ಗೇಟಿಗೆ ಹಾಕಿದ, ತನ್ನ ಸವೆದದ್ದನ್ನು ಅವಳದಕ್ಕೆ.

ಪರಿಶೀಲಕ ಬಂದ, ಗೇಟು ತೆರೆದು ಕೈ ಬಿಟ್ಟ, ಅದು ಟಕ್ಕನೆ ಮುಚ್ಚಿಕೊಂಡಿತು. ಪ್ರಮಾಣಪತ್ರ ಸಿಕ್ಕಿತು. ಆಗಲೇ ಅವಳ ಕೀಲನ್ನು ಮತ್ತೆ ಅವಳ ಗೇಟಿಗೆ ಹಾಕಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಟಿವಿಯಲ್ಲಿ ಕ್ರಿಕೆಟ್ ಇತ್ತು, ಫ್ರಿಜ್ಜಿನಲ್ಲಿ ಬಿಯರ್ ಇತ್ತು. ನಾಳೆ ಹಾಕಿದರಾಯಿತು ಎಂದು ಈ ಮಹಾಶಯ ಕಾಲು ಚಾಚಿದ.

ತನ್ನ ಮಗಳು ಕೆರಿನ್ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಬೇಕಿತ್ತೆಂದು ನೋಯಲೀನ್ ಅಂದೇ ಹಿಂತಿರುಗಿದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಅವಳ ಚೀರಾಟ ಕೇಳಿಸಿದಾಗ. ಅವನು ಓಡಿ ಹೋಗುವಷ್ಟರಲ್ಲಿ ಅವಳು ಉಟ್ಟ ಬಟ್ಟೆಯಲ್ಲೇ ಕೊಳಕ್ಕೆ ಹಾರಿ, ಮುಚ್ಚದ ಗೇಟಿನಿಂದ ನುಸುಳಿ ನೀರಿಗೆ ಬಿದ್ದಿದ್ದ ಮೊಮ್ಮಗಳು ಪುಟ್ಟ ಟಿಲ್ಲಿಯನ್ನು ಎತ್ತಿಕೊಂಡಿದ್ದಳು. ಮಗು ನೀರು ಕಕ್ಕಿತು, ಕೆಮ್ಮಿತು, ಅತ್ತಿತು. ದೇವರು ದೊಡ್ಡವನು, ಬದುಕಿತು.

ಆಂಬುಲೆನ್ಸ್ ಅಜ್ಜಿ ಮೊಮ್ಮಗಳಿಬ್ಬರನ್ನೂ ಕರೆದೊಯ್ದ ಮೇಲೆ ಲೈಲ್ ಕೀಲುಗಳನ್ನು ಮತ್ತೆ ಅದಲುಬದಲು ಮಾಡಿದ. ಇನ್ನೊಂದು ಅನಾಹುತ ಆಗಬಾರದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳು. ತನ್ನ ತಲೆ ಉಳಿಸಿಕೊಳ್ಳಲು ಮಾಡಿದ.

ನಗರಸಭೆಯವರು ಬಂದು ನೋಡಿದಾಗ ನೋಯಲೀನಳ ಗೇಟು ಚೆನ್ನಾಗಿಯೇ ಮುಚ್ಚಿಕೊಂಡಿತು. ಹಾಗಾದರೆ ಯಾರೋ ಅದಕ್ಕೆ ಏನೋ ಅಡ್ಡ ಇಟ್ಟಿರಬೇಕು ಎಂದರು. ಮಗುವಿನ ಜೊತೆ ಮನೆಯಲ್ಲಿದ್ದವಳು ನೋಯಲೀನ್ ಒಬ್ಬಳೇ. ಅಮ್ಮನಿಗೆ ಮರೆವು ಶುರುವಾಗಿದೆ, ಇನ್ನು ಮಗುವನ್ನು ಅವಳ ಹತ್ತಿರ ಬಿಡುವುದಿಲ್ಲ ಎಂದು ಕೆರಿನ್ ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಲೈಲ್‌ಗೆ ಅನ್ನ ನೀರು ರುಚಿಸಲಿಲ್ಲ. ಹೇಳಬೇಕು ಎಂದು ಬೇಲಿಯವರೆಗೆ ಹೋಗುವುದು, ಹವಾಮಾನದ ಮಾತಾಡಿ ಹಿಂದಿರುಗುವುದು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದ ನೋಯಲೀನ್ ತಾನಾಗಿಯೇ ಬಾಯಿಬಿಟ್ಟಳು.

"ಬಟ್ಟೆ ಬುಟ್ಟಿ ಗೇಟಿಗೆ ಅಡ್ಡ ಇಟ್ಟಿದ್ದು ನಾನೇ ಲೈಲ್. ಮೊದಲು ನೆನಪಿರಲಿಲ್ಲ. ಈಗ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ಸುತ್ತೆ."

ಆಗದೇ ಇದ್ದದ್ದನ್ನು ಇವಳು ನೆನಪು ಮಾಡಿಕೊಂಡು ಕೂತಿದ್ದಾಳೆ! ಲೈಲ್ ಮನೆಗೆ ಹೋಗಿ ತನ್ನ ಗೇಟಿನ ಸವೆದ ಕೀಲು ಬಿಚ್ಚಿ ತಂದ. ಅವಳ ಗೇಟಿನದನ್ನು ತೆಗೆದು ಅದನ್ನು ಹಾಕಿ, ಗೇಟು ತೆರೆದು ಕೈ ಬಿಟ್ಟ. ಗೇಟು ಒಂದು ಗೇಣು ಉಳಿಸಿಕೊಂಡು ನಿಂತಿತು.

"ಅವತ್ತು ಇಲ್ಲಿದ್ದದ್ದು ಇದು. ನಿಂದು ನನ್ನ ಗೇಟಲ್ಲಿತ್ತು. ನೀನು ಯಾವ ಬುಟ್ಟೀನೂ ಇಟ್ಟಿರ್ಲಿಲ್ಲ."

ನೋಯಲೀನ್ ತಾನೇ ಗೇಟನ್ನು ಇನ್ನೊಮ್ಮೆ ತೆರೆದು ಕೈ ಬಿಟ್ಟು ನೋಡಿದಳು. ಆಮೇಲೆ ತನ್ನ ಫೋನ್‌ನಲ್ಲಿ ಮಗಳ ನಂಬರ್ ಒತ್ತಿ ಅವನ ಕೈಗೆ ಕೊಟ್ಟಳು.

"ನೀನೇ ಹೇಳು," ಎಂದಳು.

ಫೋನ್ ಎತ್ತಿದ್ದು ಕೆರಿನ್ ಅಲ್ಲ, ಮಗು.

"ಅಜ್ಜೀ, ಗೇಟ್ ಹಾಕಿದ್ಯಾ?"



"ಅಜ್ಜಿ ಅವತ್ತೂ ಹಾಕಿದ್ರು ಪುಟ್ಟಾ," ಎಂದ ಲೈಲ್. "ಅಮ್ಮನಿಗೆ ಫೋನ್ ಕೊಡು."