ತಾನಾಗಿ ಬೀಳಬೇಕಿದ್ದ ದಾರ

ನಾನು ಒಂದು ಕರಿದಾರ. ಕಟ್ಟಿಕೊಳ್ಳುವವರು ನನ್ನನ್ನು ದೃಷ್ಟಿದಾರ ಅನ್ನುತ್ತಾರೆ. ಹೆಸರು ದೊಡ್ಡದು, ಹುಟ್ಟು ಮಾತ್ರ ಕಾರ್ಖಾನೆಯಲ್ಲಿ. ದೂರದ ಊರೊಂದರಲ್ಲಿ ಬಿಸಿ ಯಂತ್ರದಿಂದ ಎಳೆ ಎಳೆಯಾಗಿ ಹೊರಬಂದೆ, ಕಪ್ಪು ಬಣ್ಣದಲ್ಲಿ ಮುಳುಗಿ ಎದ್ದೆ, ಹುರಿಗೊಂಡು ದಾರವಾದೆ. ಅಲ್ಲಿಯ ಕೆಲಸಗಾರನೊಬ್ಬ ನನ್ನನ್ನು ಎರಡೂ ಕೈಗೆ ಸುತ್ತಿಕೊಂಡು ಜೋರಾಗಿ ಜಗ್ಗಿ ನೋಡಿದ. ಅವನ ಬೆರಳು ಕೆಂಪಾದವು, ನಾನು ಹರಿಯಲಿಲ್ಲ. ಹತ್ತು ವರ್ಷ ಇದಕ್ಕೆ ಏನೂ ಆಗುವುದಿಲ್ಲ ಎಂದು ಅವನು ಪಕ್ಕದವನಿಗೆ ಹೇಳಿದ. ನೈಲಾನು ಅಂದರೆ ಸುಮ್ಮನೆಯೇ! ಅವತ್ತು ನನಗೆ ಬಂದ ಜಂಬ ಇಷ್ಟಿಷ್ಟಲ್ಲ.

ಅಲ್ಲಿಂದ ಧಾರವಾಡದ ಮಾರುಕಟ್ಟೆಗೆ, ಕುಂಕುಮ, ಬಳೆ, ತಾಯತ ಮಾರುವ ಅಂಗಡಿಯೊಂದಕ್ಕೆ ಬಂದೆ. ಬುಟ್ಟಿಯಲ್ಲಿ ನನ್ನ ಪಕ್ಕ ಹತ್ತಿ ದಾರದ ಹಳೆಯ ಉಂಡೆಯೊಂದಿತ್ತು. "ನಾವು ನೀರು, ಬೆವರು ತಾಗಿದರೆ ಆರು ತಿಂಗಳಲ್ಲಿ ಕೊಳೆತು ಬೀಳುತ್ತೇವೆ. ಅದು ನಮ್ಮ ಪುಣ್ಯ" ಎಂದು ಅದು ಹೇಳುತ್ತಿತ್ತು. ಕೊಳೆಯುವುದೂ ಒಂದು ಪುಣ್ಯವೇ ಎಂದು ನಾನು ಆಡಿಕೊಂಡು ನಕ್ಕೆ. ಈಗ ಆ ಉಂಡೆ ಎಲ್ಲಿದೆಯೋ, ಸಿಕ್ಕರೆ ತಪ್ಪಾಯಿತು ಅನ್ನಬೇಕು.

ನನ್ನನ್ನು ಕೊಂಡವಳು ಕಸ್ತೂರೆವ್ವ. ಹಿಟ್ಟಿನ ಗಿರಣಿ ಫಕ್ಕೀರಪ್ಪನ ಹೆಂಡತಿ. ಹದಿನೆಂಟು ವರ್ಷದ ಸಂಸಾರ, ಮಕ್ಕಳಿಲ್ಲ. ಬೀದಿನಾಯಿಯೊಂದು ಗಿರಣಿಯ ಹಿಂದೆ ಮರಿ ಹಾಕಿ ಸತ್ತಾಗ ಉಳಿದ ಒಂದೇ ಮರಿಯನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಕಂದು ಬಣ್ಣದ ಆ ಮರಿ ಮೊದಲ ದಿನವೇ ಹಿಟ್ಟಿನ ಡಬ್ಬಿಯಲ್ಲಿ ಬಿದ್ದು ಹೊರಳಾಡಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಎದ್ದಿತಂತೆ. "ಅಯ್ಯ ನನ ಶಿವನ, ಥೇಟ್ ಪೇಡಾ!" ಎಂದು ಅವಳು ಕೂಗಿದಳು. ಅದೇ ಹೆಸರಾಯಿತು. ಬೀಸಲು ಬಂದವರೆಲ್ಲ ಪೇಡಾನನ್ನು ಎತ್ತಿ ಮುದ್ದಾಡುವವರೇ. ಎರಡು ತಿಂಗಳಿದ್ದಾಗ ಅದು ಒಂದು ದಿನ ಹಾಲು ಮುಟ್ಟಲಿಲ್ಲ. ಅಷ್ಟಕ್ಕೇ ಕಸ್ತೂರೆವ್ವನ ಜೀವ ಹಾರಿಹೋಯಿತು.

ಮರಿಯನ್ನೂ ನನ್ನನ್ನೂ ಒಂದು ತಾಮ್ರದ ತಾಯತವನ್ನೂ ಎತ್ತಿಕೊಂಡು ಅವಳು ದಾರ ಮಂತ್ರಿಸಿ ಕೊಡುವ ಗುಡ್ಡದ ಅಜ್ಜನ ಹತ್ತಿರ ಓಡಿದಳು. ಅಜ್ಜ ನಮ್ಮ ಮೇಲೆ ಮೂರು ಸಲ ಊದಿದ.

"ನಿನ್ನ ಕೈಲೇ ಮೂರು ಗಂಟು ಹಾಕವ್ವ. ಆದ್ರ ಬಿಚ್ಚಬ್ಯಾಡ, ಕತ್ತರಿ ತಾಗಸಬ್ಯಾಡ. ದಾರ ತಾನ ಹರದು ಬೀಳಬೇಕು. ಬಿದ್ದ ದಿನ ಪೀಡಾ ಹೋತು ಅಂತ ತಿಳ್ಕೋ."

ಕಸ್ತೂರೆವ್ವ ಮೂರು ಗಂಟು ಹಾಕಿದಳು. ಆ ಪುಟ್ಟ ಕೊರಳಿಗೂ ನನಗೂ ನಡುವೆ ಅವಳ ಎರಡು ಬೆರಳು ಹಿಡಿಸುವಷ್ಟು ಜಾಗವಿತ್ತು. ಆಹಾ, ಎಂಥ ಸುಖದ ದಿನಗಳವು! ಮಧ್ಯಾಹ್ನ ಗಿರಣಿಯ ಪಟ್ಟಾ ನಿಂತ ಮೇಲೆ ಅವಳು ಹೊಸ್ತಿಲ ಮೇಲೆ ಕೂತು ಪೇಡಾನ ಕೊರಳನ್ನು ತುರಿಸುತ್ತಿದ್ದಳು. ಅದು ಕಣ್ಣು ಮುಚ್ಚಿಕೊಂಡು ಅವಳ ಮೊಣಕಾಲಿಗೆ ತಲೆ ಆನಿಸುತ್ತಿತ್ತು.

ಒಂದು ದಿನ, ನನ್ನನ್ನು ಪೋಣಿಸಿದ್ದ ತಾಯತದ ಕಿವಿ ಮುರಿಯಿತು. ತಾಯತ ಅಂಗಳದಲ್ಲಿ ಬಿತ್ತು, ಕಿವಿಯ ಸಣ್ಣ ಬಳೆ ಮಾತ್ರ ನನ್ನಲ್ಲೇ ಉಳಿಯಿತು. ಕಸ ಗುಡಿಸುವಾಗ ತಾಯತ ಕಂಡ ಕಸ್ತೂರೆವ್ವ ಕುಣಿಯುವುದೊಂದು ಬಾಕಿ. "ಏನ್ರೀ, ದಾರ ತಾನ ಬಿತ್ತು ನೋಡ್ರಿ! ಪೀಡಾ ಹೋತು!" ಎಂದು ಕೂಗಿ ಬೀಸಲು ಬಂದವರಿಗೆಲ್ಲ ಸಕ್ಕರೆ ಹಂಚಿದಳು. ತಾಯತವನ್ನು ತೊಳೆದು ದೇವರ ಜಗಲಿಯ ಮೇಲೆ ಇಟ್ಟಳು. ಹರಿದ ದಾರ ಎಲ್ಲಿ ಎಂದು ಒಬ್ಬರಾದರೂ ಕೇಳಿದರೇ? ನಾನು ಪೇಡಾನ ಕೊರಳಲ್ಲೇ ಇದ್ದೆ, ದಟ್ಟ ಕೂದಲಿನೊಳಗೆ. ಅವಳು ತುರಿಸುತ್ತಿದ್ದುದು ಗದ್ದದ ಕೆಳಗೆ, ಬೆರಳು ನನ್ನವರೆಗೆ ಇಳಿಯುತ್ತಿರಲಿಲ್ಲ.

ಮರಿ ಬೆಳೆಯಿತು, ನಾನು ಬೆಳೆಯಲಿಲ್ಲ. ನಾಲ್ಕನೇ ತಿಂಗಳಿಗೆ ಎರಡು ಬೆರಳಿನ ಜಾಗ ಹೋಯಿತು. ಐದನೆಯದಕ್ಕೆ ನಾನು ಚರ್ಮಕ್ಕೆ ಅಂಟಿಕೊಂಡೆ. ಆರನೆಯದಕ್ಕೆ ಚರ್ಮವನ್ನು ಕೊಯ್ದು ಒಳಗಿಳಿದೆ. ಹರಿಯೋಣ ಎಂದು ನಾನು ಪ್ರಯತ್ನಪಡಲಿಲ್ಲವೆಂದು ತಿಳಿಯಬೇಡಿ. ಆದರೆ ನನ್ನನ್ನು ಮಾಡಿದವನು ಕೆಲಸ ಸರಿಯಾಗಿ ಮಾಡಿದ್ದ.

ಪೇಡಾ ಕುತ್ತಿಗೆ ಬಗ್ಗಿಸಲಾರದೆ ಸೊಟ್ಟಗೆ ನಿಂತು ತಿನ್ನತೊಡಗಿತು, ತಟ್ಟೆ ಮಗುಚಿತು. "ಕೊಬ್ಬು ಬಂದೈತಿ ಮಗಗ" ಎಂದು ಫಕ್ಕೀರಪ್ಪ ಒದ್ದ. ಕೊರಳನ್ನು ಗೋಡೆಗೆ ಉಜ್ಜಿತು. ಚಿಗಟ ಆಗಿವೆ ಎಂದು ಅವನು ಫಿನೈಲು ತಂದು ಸುರಿದ. ಆ ಫಿನೈಲು ಗಾಯದೊಳಗೆ ನನ್ನ ಗುಂಟ ಇಳಿಯಿತು. ಪೇಡಾ ಗಿರಣಿಯ ಸುತ್ತ ಮೂರು ಸುತ್ತು ಓಡಿ ಬಿದ್ದು ಹೊರಳಾಡಿತು. ಬೀಸಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಫಕ್ಕೀರಪ್ಪನೂ ನಕ್ಕ.

ಆಮೇಲೆ ಒಂದು ಮಧ್ಯಾಹ್ನ ಕಸ್ತೂರೆವ್ವ ಎಂದಿನಂತೆ ಕೊರಳಿಗೆ ಕೈ ಹಾಕಿದಳು. ಪೇಡಾ ಗುರ್ ಎಂದಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ನನಗಽ ಗುರ್ ಅಂತೀಯೇನೋ? ನಿನಗ ಹತ್ತಿಲೇ ಹಾಲು ಕುಡಿಸಿದಾಕಿ ನಾನು!"

ಅವಳ ಬೆರಳು ನನ್ನಿಂದ ಒಂದು ಕೂದಲೆಳೆ ದೂರದಲ್ಲಿತ್ತು. ಇನ್ನೊಂದು ಸಲ ಮುಟ್ಟಿದ್ದರೆ ನಾನು ಸಿಗುತ್ತಿದ್ದೆ. ಅವಳಿಗೆ ಸಿಟ್ಟು ಬಂತು, ಮುಟ್ಟುವುದನ್ನೇ ಬಿಟ್ಟಳು. ಹೊಸ್ತಿಲ ಮೇಲೆ ಕೂರುವುದನ್ನೂ ಬಿಟ್ಟಳು.

ಅಷ್ಟರಲ್ಲಿ ಫಕ್ಕೀರಪ್ಪ ಹೆಸರಿನ ಒಂದಕ್ಷರ ತಿದ್ದಿದ್ದ. "ಇದು ಪೇಡಾ ಅಲ್ಲ, ಪೀಡಾ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಓಣಿಯ ಮಕ್ಕಳು "ಪೀಡಾ, ಏ ಪೀಡಾ" ಎಂದು ಕಲ್ಲು ಬೀಸಿದರು. ಕಸ್ತೂರೆವ್ವ ಮತ್ತೆ ಅಜ್ಜನ ಹತ್ತಿರ ಹೋಗಿ, ಮೊದಲಿನ ದಾರ ಬಿದ್ದು ಬಹಳ ದಿನವಾಯಿತು ಎಂದಳು. "ಹಂಗಾರ ಇದು ಹೊಸಾ ಪೀಡಾ" ಎಂದು ಅಜ್ಜ ಇನ್ನೊಂದು ದಾರ ಊದಿ ಕೊಟ್ಟ. ಫಕ್ಕೀರಪ್ಪ ನಾಯಿಯ ಮುಖಕ್ಕೆ ಗೋಣಿಚೀಲ ಮುಚ್ಚಿ, ಬೆನ್ನ ಮೇಲೆ ಮೊಣಕಾಲು ಊರಿ, ಆ ದಾರವನ್ನು ಕೊರಳ ಮೇಲ್ತುದಿಗೆ, ಕಿವಿಯ ಹಿಂದೆ ಕಟ್ಟಿದ. ನೋವಿನ ಮದ್ದೆಂದು ನೋವಿನ ತಮ್ಮನನ್ನೇ ತಂದು ಪಕ್ಕಕ್ಕೆ ಕೂರಿಸಿದ ಹಾಗಾಯಿತು.

ನೀಲೂ ಏಳು ವರ್ಷದ ಹುಡುಗಿ, ಎದುರು ಮನೆಯವಳು. ಪೇಡಾ ಮರಿಯಾಗಿದ್ದಾಗ ಅವಳ ಲಂಗ ಹಿಡಿದು ಜಗ್ಗುತ್ತ ಆಡುತ್ತಿತ್ತು. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದವಳು ತಿರುಗಿ ಬಂದ ದಿನ ನೆಟ್ಟಗೆ ಓಡಿ ಬಂದು "ಪೇಡಾ!" ಎಂದು ಎರಡೂ ಕೈಯಿಂದ ಕೊರಳನ್ನು ತಬ್ಬಿಕೊಂಡಳು. ಆ ಓಣಿಯಲ್ಲಿ ಅದನ್ನು ಇನ್ನೂ ಪೇಡಾ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಅವಳ ಎರಡೂ ಕೈ ಸರಿಯಾಗಿ ನನ್ನ ಮೇಲೆ ಬಿದ್ದವು. ಪೇಡಾ ತಿರುಗಿ ಅವಳ ಗಲ್ಲಕ್ಕೆ ಬಾಯಿ ಹಾಕಿತು.

ಓಣಿಗೆ ಓಣಿಯೇ ಸೇರಿತು. ಹುಚ್ಚು ಹಿಡಿದಿದೆ ಎಂದು ಒಬ್ಬರು ಅಂದರು, ಹೌದೆಂದು ಹತ್ತು ಜನ ಅಂದರು. ನೀಲೂಳನ್ನು ಇಂಜೆಕ್ಷನ್ನಿಗೆ ಕರೆದೊಯ್ದರು. ಅವಳ ಅಪ್ಪ ಬಡಿಗೆ ಹಿಡಿದು ಗಿರಣಿಯ ಮುಂದೆ ನಿಂತ. ಕಸ್ತೂರೆವ್ವ ಗಂಡನ ಹತ್ತಿರ ಒಂದು ಮಾತು ಹೇಳಿದಳು.

"ಒಂದ ಸಲ ದನದ ಡಾಕ್ಟರಿಗೆ ತೋರಸೂಣೇನ್ರಿ?"

"ಏನಂತ ತೋರಸ್ತಿ? ಕಚ್ಚೂ ಬಾಯಿಗೆ ಔಷಧ ಐತೇನು?"

ಅವಳು ಇನ್ನೊಂದು ಮಾತು ಆಡಲಿಲ್ಲ. ನನ್ನ ಸಿಟ್ಟೆಲ್ಲ ಆ ಆಡದ ಇನ್ನೊಂದು ಮಾತಿನ ಮೇಲೆ.

ನಾಯಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಗಿರಣಿಯಲ್ಲಿ ಇಲಿಗೆಂದು ಇಟ್ಟಿದ್ದ ಪಾಷಾಣವನ್ನು ಫಕ್ಕೀರಪ್ಪ ಒಂದು ಪೇಡೆಯೊಳಗೆ ಇಟ್ಟು ಹೆಂಡತಿಯ ಕೈಗೆ ಕೊಟ್ಟ. "ನಿನ್ನ ಕೈಲೇ ಆದ್ರ ತಿಂತೈತಿ" ಎಂದ. ಅವಳು ಬಹಳ ದಿನದ ಮೇಲೆ ಹೊಸ್ತಿಲ ಮೇಲೆ ಕೂತಳು. ಪೇಡಾ ಬಾಲ ಅಲ್ಲಾಡಿಸುತ್ತ ಬಂದು, ಕುತ್ತಿಗೆ ಸೊಟ್ಟ ಮಾಡಿ, ಅವಳ ಬೆರಳಿಗೆ ಹಲ್ಲು ತಾಗದ ಹಾಗೆ ಮೆಲ್ಲಗೆ ತೆಗೆದುಕೊಂಡಿತು. ಹುಚ್ಚು ನಾಯಿ ಹಾಗೆ ತೆಗೆದುಕೊಳ್ಳುತ್ತದೆಯೇ? ಅದು ಅವಳಿಗೂ ಕಂಡಿತು. ಆ ತುತ್ತು ಗಂಟಲಲ್ಲಿ ನನ್ನ ಹತ್ತಿರ ಬಂದು ಸಿಕ್ಕಿಕೊಂಡಿತು. ಸ್ವಲ್ಪ ಹೊತ್ತು ನಾನೇ ತಡೆದು ಹಿಡಿದೆ. ಪೇಡಾ ಮೂರು ಸಲ ನುಂಗಿತು, ಅದು ದಾಟಿ ಹೋಯಿತು.

ಹೆಣ ಎಳೆಯಲು ದ್ಯಾಮಣ್ಣ ಬಂದ. ಸತ್ತ ದನ, ನಾಯಿಗಳನ್ನು ಊರಾಚೆ ಹೂಳುವವನು. ಕೊರಳಿಗೆ ಹಗ್ಗ ಹಾಕಲು ಹೋದವನು ನಿಂತು ಕೂದಲು ಸರಿಸಿ ನೋಡಿದ. ಮೂಗು ಮುಚ್ಚಿಕೊಂಡ. ಕುಡುಗೋಲಿನ ತುದಿಯಿಂದ ನನ್ನನ್ನು ಮೀಟಿ ಕೊಯ್ದು ಹೊರಗೆಳೆದ.

"ಅವ್ವಾರ, ಇದಕ್ಕ ಹುಚ್ಚಲ್ರಿ. ಇದು ನೋಡ್ರಿ ಅದರ ರೋಗ. ಮಾಂಸದಾಗ ಹೊಕ್ಕಿತ್ತು, ಹುಳಾ ಬಿದ್ದಿದ್ವು."

ಕಸ್ತೂರೆವ್ವ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡಳು. ರಕ್ತ ಕೀವಿನ ನಡುವೆ ಒಂದು ತಾಮ್ರದ ಸಣ್ಣ ಬಳೆ ಇತ್ತು. ಒಳಗೆ ಓಡಿ ದೇವರ ಜಗಲಿಯ ಮೇಲಿನ ತಾಯತ ತಂದಳು. ಕಿವಿ ಇಲ್ಲದ ತಾಯತಕ್ಕೆ ಆ ಬಳೆ ಸರಿಯಾಗಿ ಕೂತಿತು. ಆಮೇಲೆ ಮೂರು ಗಂಟು ಎಣಿಸಿದಳು.

"ನಾನಽ ಕಟ್ಟಿದ್ದು" ಎಂದಳು. "ನನ್ನ ಕೈಲೇ ಕಟ್ಟಿದೆ, ನನ್ನ ಕೈಲೇ ತಿನಿಸಿದೆ." ಎದೆ ಎದೆ ಬಡಿದುಕೊಂಡು ಅತ್ತಳು.

"ಬಾಯಿ ಮುಚ್ಚು, ಎದುರಿನ ಮನಿಗೆ ಕೇಳಸ್ತೈತಿ" ಎಂದ ಫಕ್ಕೀರಪ್ಪ. "ಹುಚ್ಚನಾಯಿ ಅಂತ ಎಲ್ಲಾರೂ ಅಂದಾರ. ಹಂಗಽ ಇರಲಿ. ಅದನ್ನ ಗಟಾರಕ್ಕ ಒಗಿ."

ಅವಳು ಒಗೆಯಲಿಲ್ಲ. ತೊಳೆದು ತನ್ನ ಬಲಗೈಯ ಮಣಿಕಟ್ಟಿಗೆ ಕಟ್ಟಿಕೊಂಡಳು. ಬಳೆಯ ಅಳತೆಗೆ ಸರಿಯಾದೆ. ಎಂಟು ತಿಂಗಳ ನಾಯಿಯ ಕೊರಳಿಗೆ ನಾನು ಕೊಟ್ಟಿದ್ದ ಜಾಗ ಅಷ್ಟೇ.

ಇದಾಗಿ ಆರು ವರ್ಷ. ಗಿರಣಿ ಈಗಲೂ ನಡೆಯುತ್ತದೆ, ಹಿಟ್ಟು ಕೂತು ನಾನು ಬೆಳ್ಳಗಾಗಿದ್ದೇನೆ. ಗಲ್ಲದ ಮೇಲೆ ಕಲೆಯಿರುವ ನೀಲೂ ಜೋಳ ಬೀಸಿಸಲು ಬರುತ್ತಾಳೆ. ನಾಯಿ ಕಂಡರೆ ಈಗ ಕಲ್ಲು ಎತ್ತಿಕೊಳ್ಳುತ್ತಾಳೆ. ಆ ಹೊಲಸು ದಾರ ಬಿಚ್ಚು ಎಂದು ಫಕ್ಕೀರಪ್ಪ ಬೈದಾಗೆಲ್ಲ ಕಸ್ತೂರೆವ್ವ ಒಂದೇ ಮಾತು ಹೇಳುತ್ತಾಳೆ.

"ಬಿಚ್ಚಬಾರದ್ರಿ. ತಾನ ಹರದು ಬೀಳಬೇಕು."

ಮಧ್ಯಾಹ್ನ ಪಟ್ಟಾ ನಿಂತ ಮೇಲೆ ಅವಳು ಹೊಸ್ತಿಲ ಮೇಲೆ ಕೂತು ನನ್ನ ಕೆಳಗೆ ಬೆರಳು ತೂರಿಸಿ ನೋಡುತ್ತಾಳೆ. ಅವಳ ಕೈ ವರ್ಷದಿಂದ ವರ್ಷಕ್ಕೆ ಸಣ್ಣಗಾಗಿದೆ. ಈಗ ಎರಡು ಬೆರಳು ಸಲೀಸಾಗಿ ಹಿಡಿಸುತ್ತವೆ. ಆಮೇಲೆ ನನ್ನನ್ನು ಜಗ್ಗುತ್ತಾಳೆ, ಆ ಕಾರ್ಖಾನೆಯವನು ಜಗ್ಗಿದ ಹಾಗೆಯೇ. ಅವಳ ಬೆರಳು ಕೆಂಪಾಗುತ್ತವೆ. ನಾನು ಹರಿಯುವುದಿಲ್ಲ.